ಮಕುಲೆಕೆಯ ಕಾಡು: ಹಕ್ಕಿ ನೋಡಲು ಬಂದವರು, ನೆಲಕ್ಕೆ ಒಡೆಯರಾದವರು

(ವಿದ್ಯಾರ್ಥಿಗಳು ಹಾಗೂ ಗ್ರಾಮಸ್ಥರ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಆಫ್ರಿಕದ ಅಭಯಾರಣ್ಯ ಎಂದೊಡನೆ ದೂರದರ್ಶನದ ಕೃಪೆಯಿಂದ ಎಲ್ಲರ ಕಣ್ಣೆದುರು ಒಂದೇ ಚಿತ್ರ ಮೂಡುತ್ತದೆ: ಕಣ್ಣು ಹಾಯುವವರೆಗೂ ಒಣಹುಲ್ಲು, ಕೊಡೆಯಂಥ ಒಂದು ಮರ, ಅದರ ನೆರಳಿನಲ್ಲಿ ಮಲಗಿದ ಸಿಂಹ. ಆ ಚಿತ್ರದಲ್ಲಿ ಮನುಷ್ಯರಿರುವುದಿಲ್ಲ. ಇದ್ದರೂ ಜೀಪಿನ ಮೇಲೆ ಕ್ಯಾಮೆರಾ ಹಿಡಿದು ನಿಂತ ಪ್ರವಾಸಿಗರು ಮಾತ್ರ. ಇಂದಿನ ಮಾತು ಆ ಚಿತ್ರದಿಂದ ಹೊರಗುಳಿದ ಒಂದು ಸ್ಥಳವನ್ನು ಕುರಿತದ್ದು. ದಕ್ಷಿಣ ಆಫ್ರಿಕದ ಕ್ರೂಗರ್ ರಾಷ್ಟ್ರೀಯ ಉದ್ಯಾನದ ಉತ್ತರದ ತುತ್ತತುದಿಯಲ್ಲಿ, ಲಿಂಪೊಪೊ ಮತ್ತು ಲುವುವು ಎಂಬ ಎರಡು ನದಿಗಳ ನಡುವೆ, ತ್ರಿಕೋನಾಕಾರದ ಒಂದು ನೆಲವಿದೆ. ಭೂಪಟಗಳು ಅದನ್ನು ಪಫೂರಿ ಎನ್ನುತ್ತವೆ. ಅದರ ಒಡೆಯರು ಮಕುಲೆಕೆ ಎಂಬ ಜನ. ಪಕ್ಷಿವೀಕ್ಷಕರಿಗೆ ಅದು ಯಾತ್ರಾಸ್ಥಳ. ಒಡೆಯರಿಗೆ ಅದು ತಮ್ಮ ಕೈಯಿಂದಲೇ ತಮ್ಮ ಮನೆಗಳಿಗೆ ಬೆಂಕಿಯಿಡಬೇಕಾಗಿ ಬಂದ ಜಾಗ. ಈ ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿ ಹೇಳಿದರೆ ಎರಡೂ ಅರ್ಧ ಸತ್ಯವಾಗುತ್ತವೆ.

ಮೊದಲು ಸ್ಥಳದ ಅಳತೆ. ಕ್ರೂಗರ್ ಉದ್ಯಾನದ ವಿಸ್ತೀರ್ಣ ಸುಮಾರು 19,500 ಚದರ ಕಿಲೋಮೀಟರ್. ಶಿವಮೊಗ್ಗ, ಚಿಕ್ಕಮಗಳೂರು, ಕೊಡಗು ಮೂರೂ ಜಿಲ್ಲೆಗಳನ್ನು ಸೇರಿಸಿದರೆ ಆಗುವಷ್ಟು. ಇದರ ಬೇರು 1898ರಲ್ಲಿ ಘೋಷಿತವಾದ ಸಾಬಿ ಗೇಮ್ ರಿಸರ್ವ್. 1926ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 'ಗೇಮ್' ಎಂಬ ಇಂಗ್ಲಿಷ್ ಪದಕ್ಕೆ ಇಲ್ಲಿ ಆಟವೆಂಬ ಅರ್ಥವಿಲ್ಲ, ಬೇಟೆಯ ಪ್ರಾಣಿ ಎಂದರ್ಥ. ಅಂದರೆ ಗೇಮ್ ರಿಸರ್ವ್ ಎಂಬುದು ಮೂಲತಃ ಬೇಟೆಯ ಪ್ರಾಣಿಗಳಿಗಾಗಿ ಕಾದಿಟ್ಟ ಕಾಡು. ಮೈಸೂರು ಅರಸರ ಕಾಲದ ಬೇಟೆಯ ಕಾಡುಗಳೇ ಮುಂದೆ ಬಂಡೀಪುರ, ನಾಗರಹೊಳೆಗಳಾದ ಕಥೆಯನ್ನು ಬಲ್ಲವರಿಗೆ ಇದು ಹೊಸತಲ್ಲ. ಸಿಂಹ, ಚಿರತೆ, ಆನೆ, ಘೇಂಡಾಮೃಗ, ಕಾಡೆಮ್ಮೆ ಎಂಬ 'ದೊಡ್ಡ ಐದು' ಪ್ರಾಣಿಗಳ ಪಟ್ಟಿಯನ್ನು ಇಂದು ಪ್ರತಿಯೊಬ್ಬ ಪ್ರವಾಸಿಯೂ ಜೇಬಿನಲ್ಲಿಟ್ಟುಕೊಂಡು ಬರುತ್ತಾನೆ. ಅದೂ ಬೇಟೆಗಾರರು ಮಾಡಿದ ಪಟ್ಟಿಯೇ: ಕಾಲ್ನಡಿಗೆಯಲ್ಲಿ ಬೇಟೆಯಾಡಲು ಅತ್ಯಂತ ಅಪಾಯಕಾರಿಯಾದ ಐದು ಪ್ರಾಣಿಗಳು. ಬಂದೂಕು ಹೋಗಿ ಕ್ಯಾಮೆರಾ ಬಂದಿತು, ಪಟ್ಟಿ ಮಾತ್ರ ಬದಲಾಗಲಿಲ್ಲ.

ಜೋಹಾನ್ಸ್‌ಬರ್ಗ್ ನಗರದಿಂದ ಉತ್ತರಾಭಿಮುಖವಾಗಿ ಹೊರಟವರು ಮಕರ ಸಂಕ್ರಾಂತಿ ವೃತ್ತವನ್ನು ದಾಟಿ, ಒಂದು ಹಗಲು ಪೂರ್ತಿ ರಸ್ತೆ ಸವೆಸಿದ ಮೇಲೆ ಪಫೂರಿಯನ್ನು ಮುಟ್ಟುತ್ತಾರೆ. ಉದ್ಯಾನದ ದಕ್ಷಿಣ ಭಾಗದಲ್ಲಿ ಸಿಂಹವೊಂದು ಕಂಡರೆ ಹತ್ತಾರು ಕಾರುಗಳು ಸಾಲುಗಟ್ಟುತ್ತವೆ. ಉತ್ತರಕ್ಕೆ ಬಂದಂತೆ ಆ ಜಾತ್ರೆ ಕರಗುತ್ತದೆ. ಇಲ್ಲಿಗೆ ಬರುವವರಲ್ಲಿ ದೊಡ್ಡ ಐದನ್ನು ಈಗಾಗಲೇ ನೋಡಿ ಮುಗಿಸಿದವರು ಅಥವಾ ಅವುಗಳ ಬಗ್ಗೆ ಅಷ್ಟೇನೂ ಹಂಬಲವಿಲ್ಲದವರು ಹೆಚ್ಚು. ಇವರು ಬರುವುದು ಹಕ್ಕಿಗಳಿಗಾಗಿ. ಕ್ರೂಗರ್‌ನಲ್ಲಿ ದಾಖಲಾದ ಪಕ್ಷಿಪ್ರಭೇದಗಳು 500ಕ್ಕೂ ಹೆಚ್ಚು. ಉದ್ಯಾನದ ನೂರರಲ್ಲಿ ಒಂದು ಪಾಲಿನಷ್ಟೇ ಇರುವ ಈ ತ್ರಿಕೋನದಲ್ಲಿ ಇಡೀ ಉದ್ಯಾನದ ಜೀವವೈವಿಧ್ಯದ ಮುಕ್ಕಾಲು ಪಾಲು ಇದೆಯೆಂದು ಪ್ರವಾಸಿ ಕರಪತ್ರಗಳು ಸಾರುತ್ತವೆ. ಕರಪತ್ರದ ಲೆಕ್ಕವನ್ನು ಕರಪತ್ರದ ಲೆಕ್ಕವಾಗಿಯೇ ತೆಗೆದುಕೊಳ್ಳಬೇಕು. ಆದರೂ ದಕ್ಷಿಣ ಆಫ್ರಿಕದ ಬೇರೆ ಕಡೆ ಕಾಣಸಿಗದ ಕೆಲವು ಉಷ್ಣವಲಯದ ಹಕ್ಕಿಗಳು ಇಲ್ಲಿ ಸಿಗುತ್ತವೆಂಬುದು ನಿಜ.

ಇಲ್ಲಿನ ಮಳೆ ವರ್ಷಕ್ಕೆ 450 ಮಿಲಿಮೀಟರ್‌ಗಳ ಆಸುಪಾಸು. ಆಗುಂಬೆಯಲ್ಲಿ ಆಷಾಢದ ಒಂದು ಬಿರುಸಿನ ವಾರದಲ್ಲಿ ಸುರಿಯುವಷ್ಟನ್ನು ಇಡೀ ವರ್ಷಕ್ಕೆ ಹಂಚಿಕೊಂಡು ಬದುಕುವ ಕಾಡು ಇದು. ಭೂಮಧ್ಯರೇಖೆಯ ಆಚೆಗಿರುವುದರಿಂದ ಋತುಗಳೂ ತಿರುವುಮುರುವು. ಮಲೆನಾಡಿನಲ್ಲಿ ಅಡಿಕೆ ಕೊಯ್ಲು ನಡೆಯುವ ದಿನಗಳು ಅಲ್ಲಿ ಬೇಸಿಗೆಯೂ ಹೌದು, ಮಳೆಗಾಲವೂ ಹೌದು. ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಹಾಗಾಗಿ ಅತಿಥಿಗಳನ್ನು ಸೂರ್ಯೋದಯಕ್ಕೆ ಮೊದಲೇ ಎಬ್ಬಿಸುತ್ತಾರೆ. ಒಂದು ಲೋಟ ಕಾಫಿ, ಒಣ ಬಿಸ್ಕತ್ತು, ಬಳಿಕ ತೆರೆದ ವಾಹನ ಅಥವಾ ಕಾಲ್ನಡಿಗೆ. ನಡೆಯುವುದಾದರೆ ಬಂದೂಕು ಹಿಡಿದ ಮಾರ್ಗದರ್ಶಕರು ಮುಂದೆ, ಅತಿಥಿಗಳು ಒಬ್ಬರ ಹಿಂದೊಬ್ಬರು, ಮಾತಿಲ್ಲ. ಬಿಳಿ ಬಟ್ಟೆ ಬೇಡ. ಎದುರಿಗೆ ಆನೆ ಬಂದರೆ ಓಡಬಾರದು. ಮಲೆನಾಡಿನ ಕಾಡಂಚಿನಲ್ಲಿ ಆನೆಯ ಜೊತೆ ದಿನವೂ ಬದುಕುವವರಿಗೆ ಈ ಸೂಚನೆಗಳ ಬಗ್ಗೆ ನಗು ಬರಬಹುದು. ಅವರಿಗೆ ಇದಕ್ಕಾಗಿ ಯಾರೂ ಹಣ ಕೊಡುವುದಿಲ್ಲ!

ಎರಡು ನದಿಗಳು ಕೂಡುವ ಬಯಲಿನಲ್ಲಿ ಹಳದಿ-ಹಸಿರು ಕಾಂಡದ ಎತ್ತರದ ಮರಗಳ ತೋಪುಗಳಿವೆ. ಜಾಲಿಯ ಬಳಗಕ್ಕೆ ಸೇರಿದ ಈ ಮರಕ್ಕೆ 'ಜ್ವರದ ಮರ' ಎಂಬ ಹೆಸರು. ಇದರ ತೊಗಟೆಯಲ್ಲಿಯೇ ಪತ್ರಹರಿತ್ತು ಇರುವುದರಿಂದ ಎಲೆ ಉದುರಿದ ಕಾಲದಲ್ಲಿಯೂ ಕಾಂಡವೇ ಆಹಾರ ತಯಾರಿಸಿಕೊಳ್ಳುತ್ತದೆ. ಜೌಗುನೆಲದಲ್ಲಿ ಬೆಳೆಯುವ ಈ ಮರಗಳ ಕೆಳಗೆ ಬೀಡುಬಿಟ್ಟ ಹಿಂದಿನ ಯೂರೋಪಿಯನ್ ಪ್ರಯಾಣಿಕರು ಜ್ವರ ಬಂದಾಗ ಮರವನ್ನೇ ದೂರಿದರು. ತಪ್ಪು ಸೊಳ್ಳೆಯದಾಗಿತ್ತು. ಮಲೇರಿಯಾ ಮಲೆನಾಡಿನ ಮನೆಮನೆಗಳನ್ನು ಬರಿದು ಮಾಡಿದ್ದನ್ನು ಹಿರಿಯರ ಬಾಯಲ್ಲಿ ಕೇಳಿದವರು ಇಲ್ಲಿಯೂ ಇರಬಹುದು. ಪಫೂರಿಯಲ್ಲಿ ಅದು ಇಂದಿಗೂ ಇದೆ. ಬಯಲಿನಿಂದ ಮೇಲೇರಿದರೆ ಕಲ್ಲುಗುಡ್ಡಗಳ ಮೇಲೆ ಬೇಯೋಬಾಬ್ ಮರಗಳು. ಹಾವೇರಿ ಜಿಲ್ಲೆಯ ಸವಣೂರಿನ ದೊಡ್ಡಹುಣಸೆ ಮರಗಳನ್ನು ಕಂಡವರಿಗೆ ಇದರ ಪರಿಚಯ ಬೇಕಿಲ್ಲ. ಅವು ಇದೇ ಜಾತಿಯವು, ಎಂದೋ ಆಫ್ರಿಕದಿಂದ ಕಡಲು ದಾಟಿ ಬಂದವು. ಈ ಮರದ ಟೊಳ್ಳು ಕಾಂಡದೊಳಗೆ ಗೂಡು ಕಟ್ಟುವ ಒಂದು ಬಾನಾಡಿ ಹಕ್ಕಿಯಿದೆ. ಬರಗಾಲದಲ್ಲಿ ಆನೆಗಳು ತೊಗಟೆ ಸುಲಿದು, ನಾರು ಜಗಿದು, ಕೆಲವೊಮ್ಮೆ ಮರವನ್ನೇ ಉರುಳಿಸುತ್ತವೆ. ಮರ ಉರುಳಿದರೆ ಬಾನಾಡಿಯ ಮನೆಯೂ ಹೋಯಿತು. ಆನೆಯನ್ನೂ ಉಳಿಸಬೇಕು, ಮರವನ್ನೂ ಉಳಿಸಬೇಕು ಎಂಬುದು ಹೇಳಲು ಸುಲಭ.

ಲುವುವು ನದಿಯ ಸೇತುವೆಯ ಮೇಲೆ ಬೆಳಗಿನ ಹೊತ್ತು ಸುಮ್ಮನೆ ನಿಂತರೆ ಸಾಕು ಎಂದು ಪಕ್ಷಿವೀಕ್ಷಕರು ಹೇಳುತ್ತಾರೆ. ಮರಳಿನ ದಿಣ್ಣೆಯ ಮೇಲೆ ಬಿಳಿನೆತ್ತಿಯ ಟಿಟ್ಟಿಭಗಳು ನಡೆದಾಡುತ್ತವೆ. ಅತ್ತಿಯ ಮರದಿಂದ ಮಗು ಅತ್ತಂತೆ ಕೂಗು ಕೇಳಿಸುತ್ತದೆ. ಅದು ಕಹಳೆ ಮಂಗಟ್ಟೆ. ಇದರ ಹೆಣ್ಣೂ ಮಲೆನಾಡಿನ ಮಂಗಟ್ಟೆಯಂತೆಯೇ ಪೊಟರೆಯೊಳಗೆ ಕುಳಿತು, ಬಾಗಿಲನ್ನು ಮುಚ್ಚಿಕೊಂಡು, ಗಂಡು ತರುವ ಹಣ್ಣನ್ನು ನಂಬಿ ಮರಿ ಮಾಡುತ್ತದೆ. ಇದೇ ಬಳಗದ ಇನ್ನೊಂದು ಹಕ್ಕಿ ನೆಲಮಂಗಟ್ಟೆ. ಟರ್ಕಿ ಕೋಳಿಯಷ್ಟು ದೊಡ್ಡದು, ಕಪ್ಪು ಮೈ, ಕೆಂಪು ಗಂಟಲಚೀಲ; ಗುಂಪು ಗುಂಪಾಗಿ ನೆಲದ ಮೇಲೆ ನಡೆಯುತ್ತಾ ಹಾವು, ಆಮೆ, ಮಿಡತೆಗಳನ್ನು ಹಿಡಿಯುತ್ತದೆ. ಬೆಳಗಿನ ಜಾವ ಇದರ ಗುಡುಗಿನಂಥ ದನಿಯನ್ನು ಹೊಸಬರು ಸಿಂಹದ ದನಿಯೆಂದು ತಿಳಿಯುವುದುಂಟು. ತ್ಸೋಂಗಾ ಭಾಷೆಯಲ್ಲಿ ಇದಕ್ಕೆ 'ನ್ಘುತುತು' ಎನ್ನುತ್ತಾರೆ. ಹೆಸರೇ ಕೂಗು. ಈ ಹಕ್ಕಿ ಎರಡು ಮೊಟ್ಟೆಯಿಟ್ಟರೂ ಬದುಕುವುದು ಒಂದೇ ಮರಿ. ಗುಂಪೊಂದು ಒಂದು ಮರಿಯನ್ನು ದೊಡ್ಡದು ಮಾಡಲು ಸರಾಸರಿ ಒಂಬತ್ತು ವರ್ಷ ಹಿಡಿಯುತ್ತದೆಂದು ಸಂಶೋಧಕರು ಲೆಕ್ಕ ಹಾಕಿದ್ದಾರೆ. ಗೂಡಿಗೆ ಬೇಕಾದ ದೊಡ್ಡ ಪೊಟರೆಯ ಮರಗಳು ಹೋದರೆ, ವಿಷವಿಟ್ಟ ಮಾಂಸವನ್ನು ಒಂದು ಗುಂಪು ತಿಂದರೆ, ಆ ನಷ್ಟ ಒಂದು ತಲೆಮಾರಿನಲ್ಲಿ ತುಂಬುವಂಥದ್ದಲ್ಲ.

ಆದರೆ ದೂರದೇಶಗಳಿಂದ ಜನ ಮುಖ್ಯವಾಗಿ ಬರುವುದು ಒಂದು ಗೂಬೆಗಾಗಿ. ಪೆಲ್‌ನ ಮೀನುಗೂಬೆ ಎಂದು ಅದರ ಹೆಸರು. ಪೆಲ್ ಎಂಬಾತ ಪಶ್ಚಿಮ ಆಫ್ರಿಕದ ಗೋಲ್ಡ್ ಕೋಸ್ಟಿನಲ್ಲಿದ್ದ ಡಚ್ ಅಧಿಕಾರಿ. ಎರಡಡಿ ಎತ್ತರದ, ಕಾವಿ ಬಣ್ಣದ ಈ ಗೂಬೆಗೆ ಕಪ್ಪಾದ ದೊಡ್ಡ ಕಣ್ಣುಗಳು. ಹಗಲೆಲ್ಲ ನದಿಯಂಚಿನ ದಟ್ಟ ಮರದಲ್ಲಿ ಅಡಗಿದ್ದು, ಕತ್ತಲಾದ ಮೇಲೆ ನೀರಿನ ಮೇಲೆ ಬಾಗಿದ ಕೊಂಬೆಗೆ ಬರುತ್ತದೆ. ಇತರ ಗೂಬೆಗಳ ರೆಕ್ಕೆಯ ಅಂಚಿನಲ್ಲಿ ಸದ್ದಡಗಿಸುವ ಮೃದುವಾದ ಕುಚ್ಚುಗಳಿರುತ್ತವೆ, ಇದಕ್ಕಿಲ್ಲ. ನೀರೊಳಗಿನ ಮೀನಿಗೆ ರೆಕ್ಕೆಯ ಸದ್ದು ಕೇಳಿಸದು, ಆದ್ದರಿಂದ ಬೇಕಾಗಿಯೂ ಇಲ್ಲ. ಕಾಲಿಗೆ ಗರಿಯಿಲ್ಲ, ಒದ್ದೆಯಾಗದಿರಲಿ ಎಂದು. ಪಾದದ ಅಡಿಯಲ್ಲಿ ಮಾತ್ರ ಜಾರುವ ಮೀನನ್ನು ಹಿಡಿಯಲು ಒರಟಾದ ಮುಳ್ಳುಗಳಿವೆ. ಮಲೆನಾಡಿನ ಹೊಳೆಗಳ ಅಂಚಿನಲ್ಲಿರುವ ಕಂದು ಮೀನುಗೂಬೆಗೂ ಇಂಥದೇ ಬೋಳು ಕಾಲು, ಇಂಥದೇ ಒರಟು ಪಾದ. ಒಂದೇ ಕಸುಬು ಮಾಡುವ ಎರಡು ಕುಟುಂಬಗಳ ಉಪಕರಣಗಳು ಒಂದೇ ಬಗೆಯಾಗಿರುವಂತೆ.

ಈ ಗೂಬೆಯನ್ನು ಹುಡುಕಿಕೊಡುವವನು ಪ್ರವಾಸಿಯಲ್ಲ, ಸ್ಥಳೀಯ ಮಾರ್ಗದರ್ಶಕ. ಯಾವ ಮರದ ಕೆಳಗೆ ಮೀನಿನ ಮೂಳೆ ಮತ್ತು ಕಾವಿ ಗರಿ ಬಿದ್ದಿದೆ, ಯಾವ ಮಡುವಿನಲ್ಲಿ ನೀರು ಉಳಿದಿದೆ ಎಂಬುದನ್ನು ಅವನು ಬಲ್ಲ. ಬಂದವರು ತಮ್ಮ ಪುಸ್ತಕದಲ್ಲಿ ಒಂದು ಗುರುತು ಹಾಕಿಕೊಂಡು ಸಂತೋಷದಿಂದ ಮರಳುತ್ತಾರೆ. ಆ ಗುರುತಿನ ಹಿಂದೆ ಯಾರ ತಿಳಿವಳಿಕೆ ಇತ್ತು ಎಂಬುದನ್ನು ಬರೆದುಕೊಳ್ಳಲು ಪುಸ್ತಕದಲ್ಲಿ ಕಾಲಮ್ಮು ಇರುವುದಿಲ್ಲ.

ಬೇಸಿಗೆಯ ಮಳೆಯ ಮರುದಿನ ಹುತ್ತಗಳಿಂದ ರೆಕ್ಕೆ ಮೂಡಿದ ಗೆದ್ದಲುಹುಳುಗಳು ಏಳುತ್ತವೆ. ಆಗ ದಕ್ಷಿಣ ಆಫ್ರಿಕದ ಬಯಲುಗಳ ಆಕಾಶದಲ್ಲಿ ಸಣ್ಣ ಚಾಣಗಳ ಹಿಂಡುಗಳನ್ನು ಕಾಣಬಹುದು. ಇವು ಅಮೂರ್ ಚಾಣಗಳು. ಉತ್ತರ ಚೀನಾ, ಸೈಬೀರಿಯಾದ ಕಡೆ ಮರಿ ಮಾಡಿ, ಅಕ್ಟೋಬರ್-ನವೆಂಬರ್‌ನಲ್ಲಿ ಈಶಾನ್ಯ ಭಾರತಕ್ಕೆ ಬಂದಿಳಿದು, ಮೈ ತುಂಬಿಕೊಂಡು, ಭಾರತದ ಪರ್ಯಾಯ ದ್ವೀಪವನ್ನು ಹಾದು, ಅರಬ್ಬೀ ಸಮುದ್ರವನ್ನು ಒಂದೇ ಹಾರಾಟದಲ್ಲಿ ದಾಟಿ ಆಫ್ರಿಕ ಸೇರುತ್ತವೆ. ನಾಗಾಲ್ಯಾಂಡಿನ ದೋಯಾಂಗ್ ಜಲಾಶಯದ ಬಳಿ 2012ರವರೆಗೆ ಇವನ್ನು ಬಲೆಯೊಡ್ಡಿ ಸಾವಿರಗಟ್ಟಲೆ ಕೊಲ್ಲುತ್ತಿದ್ದರು. ಮರುವರ್ಷ ಪಾಂಗ್ತಿ ಮುಂತಾದ ಹಳ್ಳಿಗಳ ಸಭೆಗಳೇ ಕೂಡಿ ಬಲೆ ನಿಲ್ಲಿಸಿದವು. 2013ರಲ್ಲಿ ಅಲ್ಲಿ ಉಪಗ್ರಹ ಯಂತ್ರ ಕಟ್ಟಿ ಬಿಟ್ಟ ಹಕ್ಕಿಗಳು ದಕ್ಷಿಣ ಆಫ್ರಿಕವನ್ನು ತಲುಪಿದ್ದು ದಾಖಲಾಗಿದೆ. ಪಫೂರಿಯ ಪೊದೆಗಳಲ್ಲಿ ಇದೇ ಕಾಲದಲ್ಲಿ ಚಾತಕ ಪಕ್ಷಿಯೂ ಕಾಣುತ್ತದೆ. ಮುಂಗಾರಿನೊಂದಿಗೆ ಉತ್ತರ ಭಾರತಕ್ಕೆ ಬರುವ ಚಾತಕಗಳು ಆಫ್ರಿಕದಿಂದ ಬರುತ್ತವೆ ಎಂಬುದು ನಿಜ; ಆದರೆ ಪಫೂರಿಯಲ್ಲಿ ಮರಿ ಮಾಡುವುದು ಅದೇ ಜಾತಿಯ ಬೇರೊಂದು ಒಳಪಂಗಡ. ಎಲ್ಲ ಚಾತಕಗಳನ್ನೂ ಒಂದೇ ಕಥೆಗೆ ಸೇರಿಸುವ ಉತ್ಸಾಹವನ್ನು ಸ್ವಲ್ಪ ತಡೆಹಿಡಿಯುವುದು ಒಳ್ಳೆಯದು.

ಇನ್ನು ಮನುಷ್ಯರ ಮಾತು. ಈ ನೆಲ ಎಂದೂ ನಿರ್ಜನವಾಗಿರಲಿಲ್ಲ. ಲುವುವು ನದಿಯ ದಕ್ಷಿಣದ ಗುಡ್ಡದ ಮೇಲೆ ಥುಲಮೇಲಾ ಎಂಬ ಕಲ್ಲುಗೋಡೆಯ ಹಳೆಯ ಪಟ್ಟಣದ ಅವಶೇಷವಿದೆ. 1990ರ ದಶಕದಲ್ಲಿ ನಡೆದ ಉತ್ಖನನದಲ್ಲಿ ಚಿನ್ನದ ಆಭರಣ, ಚೀನಾದ ಪಿಂಗಾಣಿಯ ಚೂರು, ಹಿಂದೂ ಮಹಾಸಾಗರದ ವ್ಯಾಪಾರದಿಂದ ಬಂದ ಗಾಜಿನ ಮಣಿಗಳು ಸಿಕ್ಕವು. ಕಾಡಿನ ನಡುವಿನ ಈ ಗುಡ್ಡದವರು ಶತಮಾನಗಳ ಹಿಂದೆಯೇ ಕಡಲಾಚೆಯವರೊಂದಿಗೆ ವ್ಯಾಪಾರ ನಡೆಸುತ್ತಿದ್ದರು. ಎರಡು ನದಿಗಳ ಸಂಗಮದಲ್ಲಿ ದಕ್ಷಿಣ ಆಫ್ರಿಕ, ಜಿಂಬಾಬ್ವೆ, ಮೊಜಾಂಬಿಕ್ ಮೂರೂ ದೇಶಗಳ ಗಡಿಗಳು ಸೇರುತ್ತವೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ದಂತಚೋರರು ಒಂದು ದೇಶದ ಪೊಲೀಸರು ಬಂದರೆ ಇನ್ನೊಂದಕ್ಕೆ ಜಿಗಿಯುತ್ತಿದ್ದುದರಿಂದ ಅದಕ್ಕೆ 'ಕಳ್ಳರ ಮೂಲೆ' ಎಂಬ ಅರ್ಥದ ಹೆಸರು ನಿಂತಿತು. ಜೋಹಾನ್ಸ್‌ಬರ್ಗ್‌ನ ಚಿನ್ನದ ಗಣಿಗಳಿಗೆ ಕೂಲಿಗಳನ್ನು ಸಾಗಿಸುವ ಠಾಣ್ಯವೂ ಪಫೂರಿಯಲ್ಲಿತ್ತು. ಇವೆಲ್ಲದರ ನಡುವೆ ಮಕುಲೆಕೆ ಜನ ನದಿಯಂಚಿನಲ್ಲಿ ಬೇಸಾಯ, ಮೀನುಗಾರಿಕೆ, ಬೇಟೆ, ಕಾಡಿನ ಹಣ್ಣುಕಾಯಿಗಳಿಂದ ಬದುಕಿದ್ದರು.

1969ರಲ್ಲಿ ವರ್ಣಭೇದ ಸರ್ಕಾರ ಅವರನ್ನು ಎಬ್ಬಿಸಿತು. ಸುಮಾರು 3,000 ಜನ. ಉದ್ಯಾನವನ್ನು ಲಿಂಪೊಪೊ ನದಿಯವರೆಗೆ ವಿಸ್ತರಿಸಬೇಕೆಂಬುದು ಒಂದು ಕಾರಣ. ಗಡಿಯ ಮೇಲೆ ಸೈನ್ಯದ ಹಿಡಿತ ಬೇಕೆಂಬುದು ಮತ್ತೊಂದು. ಕಪ್ಪು ಜನರನ್ನು ಬುಡಕಟ್ಟುವಾರು 'ತಾಯ್ನಾಡು'ಗಳಿಗೆ ಅಟ್ಟುವ ನೀತಿ ಎಲ್ಲಕ್ಕೂ ಹಿನ್ನೆಲೆ. ಬಂದೂಕಿನ ಎದುರು ತಮ್ಮ ಗುಡಿಸಲುಗಳಿಗೆ ತಾವೇ ಬೆಂಕಿ ಹಚ್ಚುವಂತೆ ಮಾಡಲಾಯಿತು. ಲಾರಿಗಳಲ್ಲಿ ತುಂಬಿ ದಕ್ಷಿಣಕ್ಕೆ ಎಂಟ್ಲಾವೇನಿ ಎಂಬ, ಮೊದಲಿನದಕ್ಕಿಂತ ಬಹಳ ಚಿಕ್ಕದಾದ, ನದಿಯಿಲ್ಲದ ಜಾಗದಲ್ಲಿ ಇಳಿಸಲಾಯಿತು. ಅಲ್ಲಿ ಮಕುಲೆಕೆ, ಮಕಾಹ್ಲುಲೆ, ಮಬಲಿಗ್ವೆ ಎಂಬ ಮೂರು ಹಳ್ಳಿಗಳಾದವು. ಉದ್ಯಾನದ ಬೇಲಿ ಹಳ್ಳಿಗಳಿಗೆ ಹತ್ತಿರವೇ ಇತ್ತು. ಬೇಲಿಯೊಳಗೆ ಮೊಲ ಹಿಡಿದವನು ಅಪರಾಧಿ. ಬೇಲಿ ದಾಟಿ ಬಂದ ಆನೆ ಹೊಲ ಮೇಯ್ದರೆ ಕೇಳುವವರಿಲ್ಲ. ಖಾಲಿಯಾದ ನದೀತೀರವನ್ನು ಪ್ರವಾಸಿಗರಿಗೆ ಮನುಷ್ಯರ ಸ್ಪರ್ಶವಿಲ್ಲದ ಕಾಡೆಂದು ತೋರಿಸಲಾಯಿತು. ಸಂರಕ್ಷಣೆಯ ಹೆಸರಿನಲ್ಲಿ ನಡೆದ ಸುಳ್ಳುಗಳಲ್ಲಿ ಇದು ಅತ್ಯಂತ ಸಾಮಾನ್ಯವಾದುದು, ಮತ್ತು ಆಫ್ರಿಕಕ್ಕೆ ಮಾತ್ರ ಸೀಮಿತವಾದುದಲ್ಲ.

1994ರಲ್ಲಿ ಪ್ರಜಾಪ್ರಭುತ್ವ ಬಂದೊಡನೆ ದಕ್ಷಿಣ ಆಫ್ರಿಕದ ಸಂಸತ್ತು ಭೂಹಕ್ಕುಗಳ ಮರುಸ್ಥಾಪನೆಯ ಕಾಯ್ದೆಯನ್ನು ಅಂಗೀಕರಿಸಿತು. 1913ರ ಜೂನ್ 19ರ ನಂತರ ಜನಾಂಗೀಯ ಕಾನೂನುಗಳ ಮೂಲಕ ನೆಲ ಕಳೆದುಕೊಂಡವರು ಅದನ್ನು ಮರಳಿ ಕೇಳಬಹುದಾಯಿತು. ಮಕುಲೆಕೆ ಜನ ಕೇಳಿದರು. ಉದ್ಯಾನದ ಆಡಳಿತದಲ್ಲಿ ಗಾಬರಿಯೆದ್ದಿತು: ಒಂದು ಹಳ್ಳಿಗೆ ಕೊಟ್ಟರೆ ಇಡೀ ಕ್ರೂಗರ್ ಚೂರುಚೂರಾಗುವುದೆಂಬ ಭೀತಿ. ದೀರ್ಘ ಮಾತುಕತೆಯ ಬಳಿಕ 1998ರಲ್ಲಿ ಒಪ್ಪಂದವಾಯಿತು. ಸುಮಾರು 24,000 ಹೆಕ್ಟೇರ್ ನೆಲದ ಪೂರ್ಣ ಒಡೆತನ ಮಕುಲೆಕೆ ಜನರ ಸಾಮೂಹಿಕ ಆಸ್ತಿ ಸಂಘಕ್ಕೆ ಮರಳಿತು. ಯಾರೊಬ್ಬರ ಹೆಸರಿಗೂ ಪಟ್ಟೆಯಿಲ್ಲ, ಎಲ್ಲರದೂ ಒಟ್ಟಾಗಿ. ಪ್ರತಿಯಾಗಿ ಅವರು ಒಪ್ಪಿಕೊಂಡದ್ದು: ಅಲ್ಲಿ ಊರು ಕಟ್ಟುವುದಿಲ್ಲ, ಉಳುವುದಿಲ್ಲ, ಗಣಿ ತೋಡುವುದಿಲ್ಲ, 50 ವರ್ಷಗಳ ಕರಾರಿನ ಮೇಲೆ ಅದು ಉದ್ಯಾನದ ಭಾಗವಾಗಿಯೇ ಉಳಿಯುತ್ತದೆ, ಗ್ರಾಮಸ್ಥರೂ ಉದ್ಯಾನ ಇಲಾಖೆಯೂ ಸೇರಿದ ಜಂಟಿ ಮಂಡಳಿ ಆಡಳಿತ ನಡೆಸುತ್ತದೆ, ಪ್ರವಾಸೋದ್ಯಮದ ಹಕ್ಕು ಮತ್ತು ಆದಾಯ ಒಡೆಯರದು.

ಮರಳಿ ಪಡೆದ ನೆಲದಲ್ಲಿ ಮರಳಿ ಬಾಳದಿರಲು ಅವರು ಒಪ್ಪಿದ್ದೇಕೆ ಎಂದು ಕೇಳಬಹುದು. ಮೂವತ್ತು ವರ್ಷಗಳಲ್ಲಿ ಹೊಸ ಜಾಗದಲ್ಲಿ ಒಂದು ತಲೆಮಾರು ಹುಟ್ಟಿ ಬೆಳೆದಿತ್ತು. ಶಾಲೆ, ರಸ್ತೆ, ಗೋರಿಗಳು ಅಲ್ಲಿಯೂ ಆಗಿದ್ದವು. ಹಳೆಯ ಜಾಗ ಮಳೆ ಕಡಿಮೆಯ, ಮಲೇರಿಯಾದ ನೆಲ. ಅದನ್ನು ಉತ್ತು ಬೆಳೆಯುವುದಕ್ಕಿಂತ ಕಾಡಾಗಿಟ್ಟು ಗಳಿಸುವುದು ಮೇಲೆಂದು ಸಭೆಗಳಲ್ಲಿ ತೀರ್ಮಾನವಾಯಿತು. ಇದನ್ನು ತ್ಯಾಗವೆಂದು ಹೊಗಳುವುದು ಸರಿಯಲ್ಲ. ಕೈಯಲ್ಲಿ ಹಕ್ಕುಪತ್ರ ಹಿಡಿದು ಚೌಕಾಸಿ ಮಾಡಿ ಮಾಡಿದ ತೀರ್ಮಾನ ಅದು. ಹಕ್ಕುಪತ್ರವಿಲ್ಲದೆ ಇದೇ ಷರತ್ತುಗಳನ್ನು ಹೇರಿದ್ದರೆ ಅದು 1969ರ ಮುಂದುವರಿಕೆ ಮಾತ್ರ ಆಗುತ್ತಿತ್ತು.

ಆ ಗಳಿಕೆ ಹೇಗೆ ನಡೆಯಿತು? ಮೊದಲ ಕೆಲವು ವರ್ಷ ಅವರು ಮಿತವಾದ ಸಂಖ್ಯೆಯಲ್ಲಿ ಆನೆ, ಕಾಡೆಮ್ಮೆಗಳ ಬೇಟೆಯನ್ನು ಶ್ರೀಮಂತ ವಿದೇಶಿ ಬೇಟೆಗಾರರಿಗೆ ಮಾರಿದರು. ರಾಷ್ಟ್ರೀಯ ಉದ್ಯಾನದೊಳಗೆ ಬೇಟೆಯೇ ಎಂದು ಪ್ರಾಣಿಪ್ರಿಯರು ಆಕ್ಷೇಪಿಸಿದರು. ಆಕ್ಷೇಪದಲ್ಲಿ ಹುರುಳಿತ್ತು. ಆದರೆ ಹಳ್ಳಿಗಳಿಗೆ ವಿದ್ಯುತ್ ತರಲು ನೆರವಾದದ್ದು ಆ ಹಣ ಎಂಬುದನ್ನೂ ಮರೆಯುವಂತಿಲ್ಲ. ಬಳಿಕ ಬೇಟೆ ನಿಂತು, ಹಕ್ಕಿ ಮತ್ತು ಪ್ರಾಣಿಗಳನ್ನು ನೋಡಲು ಬರುವವರಿಗಾಗಿ ತಂಗುದಾಣಗಳು ಎದ್ದವು. 2005ರಲ್ಲಿ ಲುವುವು ದಡದಲ್ಲಿ ಪಫೂರಿ ಶಿಬಿರ ಆರಂಭವಾಯಿತು. ಕಟ್ಟಡ ಮತ್ತು ನಿರ್ವಹಣೆ ಖಾಸಗಿ ಸಂಸ್ಥೆಗಳದು. ವಹಿವಾಟಿನ ಒಂದು ಪಾಲು ಹಳ್ಳಿಗಳ ಸಂಘಕ್ಕೆ. ಉದ್ಯೋಗದಲ್ಲಿ ಮೂರು ಹಳ್ಳಿಗಳವರಿಗೆ ಆದ್ಯತೆ. 2007ರಲ್ಲಿ ಇಲ್ಲಿನ ನದೀಬಯಲು ಮತ್ತು ಮಡುಗಳಿಗೆ ರಾಮ್ಸಾರ್ ಮಾನ್ಯತೆ ದೊರೆಯಿತು. ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವೊಂದರ ಒಡೆಯರು ಒಂದು ಗ್ರಾಮ ಸಮುದಾಯ ಎಂಬುದು ಅಪರೂಪದ ಸಂಗತಿ.

ಇಷ್ಟರಿಂದ ಎಲ್ಲವೂ ಸುಖಾಂತವಾಯಿತೆಂದು ತಿಳಿಯಬಾರದು. 2013ರ ಜನವರಿಯಲ್ಲಿ ಲುವುವು ಉಕ್ಕಿ ಹರಿದು ಪಫೂರಿ ಶಿಬಿರವನ್ನು ಕೊಚ್ಚಿಹಾಕಿತು. ನಡೆಸುತ್ತಿದ್ದ ಸಂಸ್ಥೆ ಹೊರಟುಹೋಯಿತು. ಇನ್ನೊಂದು ಬಂದು ಕಟ್ಟುವವರೆಗೆ ಆದಾಯವೂ ಇಲ್ಲ, ಕೆಲಸವೂ ಇಲ್ಲ. 2020ರ ಮಾರ್ಚ್‌ನಲ್ಲಿ ಕೊರೊನಾದಿಂದಾಗಿ ಉದ್ಯಾನದ ಬಾಗಿಲೇ ಮುಚ್ಚಿತು. ದೂರದೇಶದವನ ಬಿಡುವಿನ ಮೇಲೆ, ವಿಮಾನದ ದರದ ಮೇಲೆ, ಅವನ ಭಯದ ಮೇಲೆ ಹಳ್ಳಿಯ ಒಲೆ ಉರಿಯಬೇಕಾದಾಗ ಆಗುವುದು ಇದೇ. ಸಂಘದ ಒಳಗೂ ಜಗಳಗಳಾಗಿವೆ: ಹಣ ಯಾರ ಕೈಯಲ್ಲಿರಬೇಕು, ಸಾಂಪ್ರದಾಯಿಕ ಮುಖಂಡನ ಮಾತು ಮೇಲೋ ಚುನಾಯಿತ ಸಮಿತಿಯದೋ ಎಂದು. ತಂಗುದಾಣದ ಒಂದು ರಾತ್ರಿಯ ಬಾಡಿಗೆ ಹಳ್ಳಿಯ ಕೂಲಿಯವರ ಹಲವು ದಿನಗಳ ಗಳಿಕೆಯನ್ನು ಮೀರುತ್ತದೆ. ಒಡೆಯರಲ್ಲಿ ಬಹುಪಾಲು ಜನ ತಮ್ಮದೇ ನೆಲದ ಆ ಕೊಠಡಿಯಲ್ಲಿ ಒಂದು ರಾತ್ರಿಯನ್ನೂ ಕಳೆಯಲಾರರು. ಅಡುಗೆಮನೆ, ಬಟ್ಟೆ ಒಗೆತ, ಕೊಠಡಿ ಒಪ್ಪಮಾಡುವ ಕೆಲಸಗಳಲ್ಲಿ ಎಷ್ಟು ಮಂದಿ, ವ್ಯವಸ್ಥಾಪಕರ ಕುರ್ಚಿಯಲ್ಲಿ ಎಷ್ಟು ಮಂದಿ ಎಂಬುದು ಯಾವ ಊರಿನ ಪ್ರವಾಸೋದ್ಯಮದಲ್ಲಿಯೂ ಕೇಳಬೇಕಾದ ಪ್ರಶ್ನೆ. ಹೋಂಸ್ಟೇಗಳ ಫಲಕಗಳು ತಿರುವಿಗೊಂದರಂತೆ ತೂಗುವ ಮಲೆನಾಡಿನಲ್ಲಿಯೂ.

ನೀರಿನ ಚಿಂತೆ ಇದಕ್ಕಿಂತ ಆಳದ್ದು. ಮೀನುಗೂಬೆಗೆ ಮಡು ಬೇಕು, ಮಡುವಿಗೆ ಹರಿವು ಬೇಕು, ಹರಿವು ಮಕುಲೆಕೆಯವರ ಕೈಯಲ್ಲಿಲ್ಲ. ಲುವುವು ಹುಟ್ಟುವುದು ಪಶ್ಚಿಮದ ಸೌಟ್‌ಪಾನ್ಸ್‌ಬರ್ಗ್ ಬೆಟ್ಟಸಾಲಿನಲ್ಲಿ. ಅಲ್ಲಿಂದ ಉದ್ಯಾನಕ್ಕೆ ಬರುವಷ್ಟರಲ್ಲಿ ಅಣೆಕಟ್ಟುಗಳು, ತೋಟಗಳು, ಪಟ್ಟಣಗಳು ತಮ್ಮ ಪಾಲನ್ನು ತೆಗೆದುಕೊಂಡಿರುತ್ತವೆ. ಲಿಂಪೊಪೊ ಒಣಗಾಲದಲ್ಲಿ ಬರಿಯ ಮರಳಿನ ಹಾಸು. ಅದರ ಮೇಲ್ಭಾಗದಲ್ಲಿ, ವಿಶ್ವ ಪರಂಪರೆಯ ತಾಣವಾದ ಮಪುಂಗುಬ್ವೆಯ ಸಮೀಪವೇ, ವೆಲೆ ಎಂಬ ಕಲ್ಲಿದ್ದಲು ಗಣಿಗೆ 2010ರಲ್ಲಿ ಪರವಾನಗಿ ದೊರೆತಾಗ ಪರಿಸರ ಸಂಘಟನೆಗಳು ನ್ಯಾಯಾಲಯದ ಮೆಟ್ಟಿಲೇರಿದವು. ನದಿಯ ಕೊನೆಯಲ್ಲಿರುವವರು ಕಾಡನ್ನು ಎಷ್ಟೇ ಚೆನ್ನಾಗಿ ಕಾದರೂ ನದಿಯ ತಲೆಯಲ್ಲಿ ಕುಳಿತವರ ಒಂದು ಸಹಿ ಸಾಕು. ನದಿಗಳ ತಲೆಯಲ್ಲಿಯೇ ವಾಸಿಸುವ ಮಲೆನಾಡಿನವರು ಈ ಮಾತನ್ನು ಇನ್ನೊಂದು ತುದಿಯಿಂದ ಯೋಚಿಸಬೇಕಾಗುತ್ತದೆ.

ಪಫೂರಿಯ ಪೂರ್ವಕ್ಕೆ ಗಡಿ ದಾಟಿದರೆ ಮೊಜಾಂಬಿಕ್‌ನ ಲಿಂಪೊಪೊ ರಾಷ್ಟ್ರೀಯ ಉದ್ಯಾನ. 2002ರ ಡಿಸೆಂಬರ್‌ನಲ್ಲಿ ಮೂರು ದೇಶಗಳ ಅಧ್ಯಕ್ಷರು ಸಹಿ ಮಾಡಿ ಗಡಿಗಳಾಚೆಗಿನ ಮಹಾ ಉದ್ಯಾನವೊಂದನ್ನು ಸ್ಥಾಪಿಸಿದರು. ಬೇಲಿಯ ಕೆಲವು ಭಾಗಗಳನ್ನು ಕಿತ್ತರು, ಆನೆಗಳನ್ನು ಸಾಗಿಸಿದರು. ಆನೆಗೆ ಗಡಿಯಿಲ್ಲದ ಲೋಕ ಎಂದು ಪತ್ರಿಕೆಗಳು ಕೊಂಡಾಡಿದವು. ಆದರೆ ಮೊಜಾಂಬಿಕ್ ಬದಿಯ ಶಿಂಗ್ವೆಡ್ಜಿ ಕಣಿವೆಯಲ್ಲಿ ಸಾವಿರಾರು ಜನರ ಹಳ್ಳಿಗಳಿದ್ದವು. 2000ರ ದಶಕದ ಕೊನೆಯಲ್ಲಿ ಅವರ ಸ್ಥಳಾಂತರ ಆರಂಭವಾಯಿತು. ಗಡಿಯ ಒಂದು ಬದಿಯಲ್ಲಿ ಹೊರದಬ್ಬಿಸಿಕೊಂಡವರು ಒಡೆಯರಾದ ಹತ್ತೇ ವರ್ಷಗಳಲ್ಲಿ, ಇನ್ನೊಂದು ಬದಿಯಲ್ಲಿ ಅದೇ ಕಾಡಿನ ಹೆಸರಿನಲ್ಲಿ ಇನ್ನೊಂದು ಜನ ಗಂಟುಮೂಟೆ ಕಟ್ಟಿದರು. ವ್ಯತ್ಯಾಸ ಕಾಡಿನದಲ್ಲ, ಕಾನೂನಿನದು.

ಕರ್ನಾಟಕದಲ್ಲಿಯೂ ಈ ಪ್ರಶ್ನೆ ಅಪರಿಚಿತವಲ್ಲ. 1990ರ ದಶಕದಲ್ಲಿ ನಾಗರಹೊಳೆಯ ಒಳಗೆ ದೊಡ್ಡ ಹೋಟೆಲ್ ಸಂಸ್ಥೆಯೊಂದಕ್ಕೆ ಸರ್ಕಾರ ಜಾಗ ಗುತ್ತಿಗೆ ಕೊಟ್ಟಾಗ, ಅದೇ ಕಾಡಿನಿಂದ ಎಬ್ಬಿಸಿಕೊಳ್ಳುತ್ತಿದ್ದ ಆದಿವಾಸಿಗಳು ಪ್ರತಿಭಟಿಸಿದರು. 1997ರಲ್ಲಿ ಉಚ್ಚ ನ್ಯಾಯಾಲಯ ಆ ಗುತ್ತಿಗೆಯನ್ನು ಅರಣ್ಯ ಕಾನೂನುಗಳಿಗೆ ವಿರುದ್ಧವೆಂದು ತಡೆಯಿತು. ನಂತರ 2006ರ ಅರಣ್ಯ ಹಕ್ಕು ಕಾಯ್ದೆ ಬಂದಿತು. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಹುಲಿ ಮೀಸಲು ಪ್ರದೇಶದ ಒಳಗೇ ಸಾಮುದಾಯಿಕ ಹಕ್ಕುಗಳು ದೊರೆತವು. ಆದರೂ ಈ ಕಾಯ್ದೆ ಕೊಡುವುದು ಬಳಕೆಯ, ವಾಸದ, ಕಾಡನ್ನು ಕಾಯುವ ಹಕ್ಕು, ಕಾಡಿನ ಒಡೆತನವಲ್ಲ. ಮಕುಲೆಕೆಯವರಿಗೆ ಸಿಕ್ಕದ್ದು ಒಡೆತನ, ಬಿಟ್ಟುಕೊಟ್ಟದ್ದು ವಾಸ ಮತ್ತು ಬಳಕೆ. ಯಾವುದು ಹೆಚ್ಚು ಎಂಬುದನ್ನು ಸೋಲಿಗರ ಹಾಡಿಯಲ್ಲಿ ಕುಳಿತು ಕೇಳಿದರೆ ಒಂದು ಉತ್ತರ, ಎಂಟ್ಲಾವೇನಿಯಲ್ಲಿ ಕೇಳಿದರೆ ಇನ್ನೊಂದು ಉತ್ತರ ಬರಬಹುದು.

ಮಕುಲೆಕೆಯ ಕಾಡಿನಲ್ಲಿ ಮಾರ್ಗದರ್ಶಕರನ್ನು ತಯಾರು ಮಾಡುವ ತರಬೇತಿ ಶಿಬಿರವೊಂದು ಇದೆ. ಅಲ್ಲಿ ಡೇರೆಗಳಲ್ಲಿ ವಾಸಿಸುತ್ತಾ ಯುವಕ ಯುವತಿಯರು ಹೆಜ್ಜೆಗುರುತು, ಹಿಕ್ಕೆ, ಗರಿ, ಕೂಗುಗಳನ್ನು ಕಲಿಯುತ್ತಾರೆ. ಪ್ರಾಣಿ ಎದುರಾದಾಗ ಅತಿಥಿಗಳನ್ನು ಹೇಗೆ ನಿಲ್ಲಿಸಬೇಕು, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂಬುದನ್ನು ಅಭ್ಯಾಸ ಮಾಡುತ್ತಾರೆ. ಹೊರದೇಶಗಳಿಂದ ದುಬಾರಿ ಶುಲ್ಕ ಕೊಟ್ಟು ಬಂದವರೂ ಇಂಥ ಶಿಬಿರಗಳಲ್ಲಿರುತ್ತಾರೆ. ಅತಿಥಿ ಕೇಳಿದಾಗ ಹಕ್ಕಿಯ ಹೆಸರನ್ನು ಇಂಗ್ಲಿಷಿನಲ್ಲಿ ಹೇಳಬೇಕು. ಅಜ್ಜಿ ಹೇಳಿಕೊಟ್ಟ 'ನ್ಘುತುತು'ವಿಗೆ ಪಟ್ಟಿಯಲ್ಲಿ ಬೇರೆ ಹೆಸರಿದೆ. ಹಳ್ಳಿಯ ಹುಡುಗನಿಗೆ ಎರಡೂ ಗೊತ್ತಿರುವುದು ಅವನ ಕಸುಬಿನ ಬಂಡವಾಳ. ನದಿಯಂಚಿನಲ್ಲಿ ನಡೆಯುವಾಗ, ಮೊದಲು ಊರಿದ್ದ ಜಾಗ ಬಂದರೆ, ಸಾಲಿನ ಮುಂದಿರುವವನು ನಿಲ್ಲುತ್ತಾನೆ. ಅತಿಥಿಗಳು ದುರ್ಬೀನು ಎತ್ತಿ ಮರಗಳನ್ನು ಹುಡುಕುತ್ತಾರೆ, ಯಾವ ಹಕ್ಕಿ ಎಂದು ಪಿಸುಮಾತಿನಲ್ಲಿ ಕೇಳುತ್ತಾರೆ. ಹಕ್ಕಿಯೇನೂ ಅಲ್ಲ, ಇಲ್ಲಿ ಮನೆಗಳಿದ್ದವು ಎಂದು ಅವನು ತಿಳಿಸುತ್ತಾನೆ.